ಎಲ್ಲೆಯೂರಿನಲ್ಲಿ ಕುಟುಂಬ-ಚಿಕಿತ್ಸೆ

ಮುಂಬಯಿಯ ಸಯನ್ ಎಂಬುದರ ಮೂಲರೂಪ ಶೀವ. ಮರಾಠಿಯಲ್ಲಿ ಅದಕ್ಕೆ ಗಡಿ ಎಂದರ್ಥ, ನಮ್ಮ ಸೀಮೆಗೆ ಅದು ಒಡಹುಟ್ಟು. ಮುಂಬಯಿ ದ್ವೀಪವು ಮುಗಿದು ಸಾಷ್ಟಿಯು ತೊಡಗುತ್ತಿದ್ದ ಆ ಗಡಿಯನ್ನು ಕಾಯಲೆಂದು 17ನೆಯ ಶತಮಾನದಲ್ಲಿ ಕಟ್ಟಿದ ಕೋಟೆಯು ಇಂದಿಗೂ ಗುಡ್ಡದ ಮೇಲೆ ಶಿಥಿಲವಾಗಿ ನಿಂತಿದೆ. ಕೈಮೀರಿದ ಹುಡುಗನ ಮದ್ದನ್ನು ಹುಡುಗನಲ್ಲಲ್ಲ, ಮನೆಯೊಳಗಣ ಎಲ್ಲೆಗಳಲ್ಲಿ ಅರಸಬೇಕೆಂದು ಸಾರಿದ ಸಾಲ್ವಡಾರ್ ಮಿನುಚಿನ್ನರ ಶಾಸ್ತ್ರವನ್ನು ಒರೆಗೆ ಹಚ್ಚುವುದಕ್ಕೆ ಇದಕ್ಕಿಂತ ಒಪ್ಪುವ ಊರು ನನಗೆ ತೋರದು.

ಅರ್ಜೆಂಟೀನಾದಲ್ಲಿ ಹುಟ್ಟಿ, ನ್ಯೂಯಾರ್ಕಿನ ವಿಲ್ಟ್‌ವಿಕ್ ಶಾಲೆಯಲ್ಲಿ ಬಡ ಬಾಲಾಪರಾಧಿಗಳ ನಡುವೆ ದುಡಿದ ಈ ವೈದ್ಯರು, ಶಾಲೆಯಲ್ಲಿ ಪಳಗಿದ ಹುಡುಗನು ಮನೆಗೆ ಮರಳಿದೊಡನೆ ಹಳೆಯ ಹುಡುಗನೇ ಆಗುವುದನ್ನು ಕಂಡು, ಬಾಲಕನೊಡನೆ ತಾಯಿತಂದೆ ಒಡಹುಟ್ಟಿದವರೆಲ್ಲರನ್ನೂ ಒಂದೇ ಕೋಣೆಗೆ ಕರೆದು ಕೂರಿಸಿದರು. ಸಂಗಡಿಗರೊಡನೆ 1967ರಲ್ಲಿ ಪ್ರಕಟಿಸಿದ ‘ಫ್ಯಾಮಿಲೀಸ್ ಆಫ್ ದಿ ಸ್ಲಮ್ಸ್’ ಆ ಅನುಭವದ ಫಲ. ತಾಯಿಯೂ ಮಗನೂ ಒಂದು ಪಕ್ಷವಾಗಿ ತಂದೆಯನ್ನು ಹೊರಗಿಟ್ಟಿದ್ದರೆ ಕುರ್ಚಿಗಳ ಸ್ಥಾನವನ್ನೇ ಬದಲಿಸಿ ದಂಪತಿಗಳನ್ನು ಒತ್ತಟ್ಟಿಗೆ ಕೂರಿಸುವುದು, ಮಕ್ಕಳ ಜಗಳಕ್ಕೆ ಹಿರಿಯರು ಮಧ್ಯೆ ಬಾರದಂತೆ ತಡೆಯುವುದು, ಹೀಗೆ ಆಡಿ ತೋರಿಸಿಯೇ ತಿದ್ದುವ ಕ್ರಮವದು. ಕೆಟ್ಟ ಹುಡುಗನನ್ನು ಮನೆಯಿಂದ ಬೇರ್ಪಡಿಸಿದರೆ ಸರಿಹೋಗುವನೆಂದು ನಂಬಿ ಕಟ್ಟಿದ ಸುಧಾರಣಾಲಯಗಳ ಚರಿತ್ರೆಯನ್ನು ಬಲ್ಲವರಿಗೆ ಇದರ ಬೆಲೆ ತಿಳಿದೀತು. ಮುಂಬಯಿಯೂ ಈ ದಾರಿಗೆ ಹೊಸತಲ್ಲ. 1936ರಲ್ಲಿ ನಾಗಪಾಡಾದಲ್ಲಿ ತೆರೆದ ಟಾಟಾ ಸಮಾಜಕಾರ್ಯ ಶಾಲೆಯು ಮರುವರ್ಷವೇ ಮಕ್ಕಳ ಮಾರ್ಗದರ್ಶನ ಚಿಕಿತ್ಸಾಲಯವೊಂದನ್ನು ಆರಂಭಿಸಿತ್ತು.

ತತ್ತ್ವವನ್ನು ನಾನು ಒಪ್ಪುತ್ತೇನೆ. ಆದರೆ ‘ಕುಟುಂಬ’ ಎಂದಾಗ ಶಾಸ್ತ್ರವು ಯಾರನ್ನು ಎಣಿಸುತ್ತದೆ?

ಸಯನ್-ಮಾಟುಂಗದ ಹೋಟೆಲುಗಳನ್ನು ನಂಬಿ ಬಂದ ತುಳುನಾಡಿನ ಮನೆತನಗಳಲ್ಲಿ ಬಂಟರದೂ ಮೊಗವೀರರದೂ ಅಳಿಯಸಂತಾನದ ಪರಂಪರೆ. ಆಸ್ತಿಯ ಮಟ್ಟಿಗೆ ಆ ಕಟ್ಟಳೆಯನ್ನು 1956ರ ಹಿಂದೂ ಉತ್ತರಾಧಿಕಾರ ಕಾಯಿದೆಯು ಸಡಿಲಿಸಿದರೂ, ಹದಿಹರೆಯದ ಹುಡುಗನು ಶಾಲೆ ತಪ್ಪಿಸಿ ಅಲೆದನೆಂದರೆ ‘ಮಾವನಿಗೊಂದು ಮಾತು ಹೇಳಿ’ ಎಂಬ ಪದ್ಧತಿಯು ಎಷ್ಟೋ ಮನೆಗಳಲ್ಲಿ ಅಳಿದಿಲ್ಲ. ತಂದೆಯ ಅಧಿಕಾರವನ್ನು ಪುನಃ ಸ್ಥಾಪಿಸಲೆಂದು ಕುರ್ಚಿ ಸರಿಸುವ ಚಿಕಿತ್ಸಕನಿಗೆ ಈ ಸೋದರಮಾವನು ಎಲ್ಲೆ ಮೀರಿ ಬಂದವನಂತೆ ಕಂಡಾನು. ಆ ಮನೆಯ ಲೆಕ್ಕದಲ್ಲಿಯೋ ಎಲ್ಲೆಯನ್ನು ಕಾಯುತ್ತಿದ್ದವನೇ ಅವನು. ಮಿನುಚಿನ್ನರು ಅಜ್ಜಿಯರನ್ನೂ ಹಿರಿಯಕ್ಕಂದಿರನ್ನೂ ಮರೆತವರಲ್ಲವೆಂಬುದನ್ನು ನ್ಯಾಯಕ್ಕಾಗಿ ಹೇಳಲೇಬೇಕು. ಮರೆವು ಅವರ ನಕ್ಷೆಯನ್ನು ಕಂಠಪಾಠ ಮಾಡಿದವರದು.

ಇನ್ನೊಂದು ತೊಡಕು ಭಾಷೆಯದು. ಧಾರಾವಿಯ ಖೋಲಿಯೊಂದರಲ್ಲಿ ಬಾಳುವ ಕಲಬುರ್ಗಿ ಕಡೆಯ ತಾಯಿಯೊಬ್ಬಳು, ಕದ್ದು ಸುಳ್ಳಾಡುವ ಮಗನನ್ನು ಕರೆದುಕೊಂಡು ಆಸ್ಪತ್ರೆಯ ಕೇಸ್‌ಪೇಪರಿನ ಸರದಿಯಲ್ಲಿ ನಿಂತಿದ್ದಾಳೆಂದು ಭಾವಿಸೋಣ. ಅವಳದು ಕನ್ನಡ, ವೈದ್ಯರದು ಮರಾಠಿ ಹಿಂದಿ. ಎರಡನ್ನೂ ಬಲ್ಲವನು ಆರೋಪಿತನಾದ ಮಗನೊಬ್ಬನೇ. ತಾಯಿಯ ದೂರನ್ನು ಅವನೇ ವೈದ್ಯರಿಗೆ ತಿಳಿಸಬೇಕು, ವೈದ್ಯರ ಬುದ್ಧಿಮಾತನ್ನು ಅವನೇ ತಾಯಿಗೆ ಒಪ್ಪಿಸಬೇಕು! ಹಿರಿಯರನ್ನು ಹಿರಿಯರ ಸ್ಥಾನದಲ್ಲಿ ಕೂರಿಸಹೊರಟ ಚಿಕಿತ್ಸೆಯು ಮೊದಲ ಗಳಿಗೆಯಲ್ಲಿಯೇ ಮಗನನ್ನು ತಾಯಿಗಿಂತ ಎತ್ತರದಲ್ಲಿ ಕೂರಿಸಿಬಿಟ್ಟಿತು. ದುಭಾಷಿಯೊಬ್ಬನಿಲ್ಲದೆ ಇಂಥಲ್ಲಿ ನಡೆಯುವುದನ್ನು ಕುಟುಂಬ-ಚಿಕಿತ್ಸೆಯೆಂದು ಕರೆಯಲು ನನ್ನ ಮನಸ್ಸು ಒಪ್ಪದು.

ಫಲದ ಮಾತಿಗೆ ಬಂದರೆ, ಮನೆ ಶಾಲೆ ಓರಗೆಯವರೆಲ್ಲರನ್ನೂ ಒಳಗೊಳ್ಳುವ ‘ಮಲ್ಟಿಸಿಸ್ಟಮಿಕ್ ಥೆರಪಿ’ಯು ಅಮೆರಿಕೆಯಲ್ಲಿ ಕೀರ್ತಿ ಗಳಿಸಿದುದು ನಿಜ, ಆದರೆ ಇಂಗ್ಲೆಂಡಿನಲ್ಲಿ 684 ಕುಟುಂಬಗಳ ಮೇಲೆ ನಡೆದು 2018ರಲ್ಲಿ ಪ್ರಕಟವಾದ ಪರೀಕ್ಷೆಯಲ್ಲಿ ಅದು ವಾಡಿಕೆಯ ನೆರವಿಗಿಂತ ಮೇಲೆಂದು ಸಿದ್ಧವಾಗಲಿಲ್ಲ. ಸಾಗರವೊಂದನ್ನು ದಾಟುವಷ್ಟರಲ್ಲಿ ಬಾಡಿದ ಕೀರ್ತಿಯನ್ನು ಶೀವಕ್ಕೆ ತಂದು ನೆಡುವವರು ಮಣ್ಣನ್ನು ನೋಡಿಕೊಳ್ಳಬೇಡವೆ? ಮಗುವನ್ನು ಮನೆಯವರೇ ಹಿಂಸಿಸುತ್ತಿರುವಲ್ಲಂತೂ ಎಲ್ಲರನ್ನೂ ಒಟ್ಟಿಗೆ ಕೂರಿಸುವುದು ಚಿಕಿತ್ಸೆಯಲ್ಲ, ಅಪಾಯ.

ಕುಟುಂಬವನ್ನೇ ರೋಗಿಯೊಡನೆ ಉಳಿಸಿಕೊಳ್ಳುವ ಪ್ರಯೋಗವನ್ನು ಬೆಂಗಳೂರಿನ ನಿಮ್ಹಾನ್ಸ್ 1970ರ ದಶಕದಲ್ಲಿಯೇ ಕೈಗೊಂಡಿತು; ದಿನಗೂಲಿಯವನು ಅಲ್ಲಿ ವಾರಗಟ್ಟಲೆ ತಂಗಲಾರನೆಂಬುದು ಬೇರೆ ಮಾತು. ಶೀವದಲ್ಲಿ ಒಂದು ಬೆಳಗ್ಗೆ ಬರುವುದೇ ಕಷ್ಟ. ಓಪಿಡಿ ತೆರೆದಿರುವ ಹೊತ್ತಿನಲ್ಲಿ ತಂದೆಯು ಹೋಟೆಲಿನ ಅಡುಗೆಮನೆಯ ಕಾವಲಿಯ ಮುಂದೆ, ಮಾವನು ಗಲ್ಲಾಪೆಟ್ಟಿಗೆಯ ಮುಂದೆ. ಹಗಲನ್ನು ಹೋಟೆಲಿಗೆ ಒಪ್ಪಿಸಿದ ಹುಡುಗರಿಗಾಗಿ ಮುಂಬಯಿ ಕನ್ನಡಿಗರು ಹಿಂದೆ ಕಂಡುಕೊಂಡ ಉಪಾಯ ರಾತ್ರಿಶಾಲೆ. ಬಾಗಿಲು ಮುಚ್ಚಿ, ಕೈ ತೊಳೆದು, ಪುಸ್ತಕ ಹಿಡಿದು ಬರುವವರಿಗಾಗಿ ದೀಪ ಉರಿಯುತ್ತಿತ್ತು. ಕುಟುಂಬ-ಚಿಕಿತ್ಸೆಯ ಕೋಣೆಯಲ್ಲಿ ಆ ಹೊತ್ತಿಗೆ ದೀಪ ಹಚ್ಚುವವರನ್ನು ನಾನಿನ್ನೂ ಕಂಡಿಲ್ಲ.