ಸ್ನೇಹ ಸಮ್ಮಿಲನ: ಯಾರ ನೆನಪು, ಎಷ್ಟರ ನೆನಪು

ತೆಲಿಗಿ, ಹರಪನಹಳ್ಳಿ, ಕೊಟ್ಟೂರು, ಹಡಗಲಿ ಸೀಮೆಯ ಪ್ರೌಢಶಾಲೆಗಳಲ್ಲಿ ಎಸ್ಸೆಸ್ಸೆಲ್ಸಿ ಓದಿದವರು ಇಪ್ಪತ್ತು, ಇಪ್ಪತ್ತೈದು ವರ್ಷಗಳ ಬಳಿಕ ಒಟ್ಟುಗೂಡಿ ನಡೆಸುವ 'ಗುರುವಂದನೆ ಹಾಗೂ ಸ್ನೇಹ ಸಮ್ಮಿಲನ'ವು ಈಗ ನಿಶ್ಚಿತ ವಿಧಿಗಳುಳ್ಳ ಆಚರಣೆಯಾಗಿ ಬೆಳೆದಿದೆ. ಎರಡು ಸಾಲಾಗಿ ನಿಂತವರ ನಡುವೆ ನಿವೃತ್ತ ಶಿಕ್ಷಕರನ್ನು ಹೂವೆರಚಿ ಕರೆತರುವುದು, ತೀರಿಹೋದವರಿಗಾಗಿ ಒಂದು ನಿಮಿಷದ ಮೌನ, ಶಾಲು, ಹಾರ, ನೆನಪಿನ ಕಾಣಿಕೆ, ಅನಿಸಿಕೆಗಳು, ಗುಂಪು ಫೋಟೊ, ಊಟ ಇವು ಎಲ್ಲೆಡೆ ಹೆಚ್ಚುಕಡಿಮೆ ಒಂದೇ ಕ್ರಮದಲ್ಲಿ ಸಾಗುತ್ತವೆ.

ಇದನ್ನು ಬರಿಯ ಭಾವುಕತೆಯೆಂದು ತಳ್ಳಿಹಾಕುವುದು ಅನ್ಯಾಯ. ಹರಪನಹಳ್ಳಿ ತಾಲ್ಲೂಕು 1997ರಲ್ಲಿ ಬಳ್ಳಾರಿಯಿಂದ ದಾವಣಗೆರೆಗೆ ಹೋಗಿ, ಮತ್ತೆ ಬಳ್ಳಾರಿಗೆ ಮರಳಿ, 2021ರಲ್ಲಿ ವಿಜಯನಗರ ಜಿಲ್ಲೆಯ ಭಾಗವಾಯಿತು. ಜಿಲ್ಲೆಯ ಹೆಸರು ಹೀಗೆ ಬದಲಾಗುತ್ತಿದ್ದಾಗಲೂ ಬದಲಾಗದೆ ಉಳಿದ ಗುರುತುಗಳಲ್ಲಿ ಸಹಪಾಠಿತನವೂ ಒಂದು. ಬೇರೆ ಬೇರೆ ಕೇರಿ, ತಾಂಡಾಗಳಲ್ಲಿ ಬೆಳೆದವರು ಪರಸ್ಪರ ಏಕವಚನದಲ್ಲಿ ಕೂಗಿಕೊಳ್ಳುವ ಸಲುಗೆಯನ್ನು ಶಾಲೆಯ ಬೆಂಚು ಕೊಟ್ಟಷ್ಟು ಸಹಜವಾಗಿ ಊರಿನ ಇನ್ನಾವ ಜಾಗವೂ ಕೊಟ್ಟಿಲ್ಲವೆಂಬುದು ಸಣ್ಣ ಮಾತಲ್ಲ.

ಆದರೂ ಅನಿಸಿಕೆಯ ಭಾಷಣಗಳಲ್ಲಿ ಈ ಆಚರಣೆ ಸೊರಗುತ್ತದೆ. ಭರತನ ನಾಟ್ಯಶಾಸ್ತ್ರವು ಸ್ಮೃತಿಯನ್ನು ಮೂವತ್ತಮೂರು ವ್ಯಭಿಚಾರಿ ಭಾವಗಳಲ್ಲಿ, ಎಂದರೆ ಬಂದುಹೋಗುತ್ತ ಸ್ಥಾಯಿಭಾವವನ್ನು ಪೋಷಿಸುವ ಭಾವಗಳಲ್ಲಿ ಒಂದಾಗಿ ಎಣಿಸುತ್ತದೆ. ಭಾವವು ರಸವಾಗಲು ವಿಭಾವ, ಅಂದರೆ ಅದನ್ನು ಎಬ್ಬಿಸುವ ಖಚಿತ ಕಾರಣ ಬೇಕು. ಆ ಬಾಲ್ಯ ಮರಳಿ ಬಾರದೆಂದು ವೇದಿಕೆಯೇರಿದ ಪ್ರತಿಯೊಬ್ಬರೂ ಹೇಳಿದಾಗ ವಿಭಾವವಿಲ್ಲದ ಕಣ್ಣೀರಷ್ಟೇ ಉಳಿಯುತ್ತದೆ, ಅದೇ ಭಾವಾತಿರೇಕ. ಗಣಿತ ಪರೀಕ್ಷೆಯ ಬೆಳಿಗ್ಗೆ ತನ್ನ ಕಂಪಾಸು ಪೆಟ್ಟಿಗೆಯನ್ನೇ ಕೊಟ್ಟ ಗೆಳತಿಯ ಹೆಸರು ಹಿಡಿದು ಯಾರಾದರೂ ಮಾತಾಡಿದರೆ, ಸಭೆಗೆ ಒಬ್ಬ ವ್ಯಕ್ತಿ ಸಿಗುತ್ತಾಳೆ, ಆಗಿನ ಬಡತನವೂ ಕಾಣುತ್ತದೆ.

ಇದಕ್ಕಿಂತ ಗಂಭೀರ ಕೊರತೆ ಆಮಂತ್ರಣದಲ್ಲಿದೆ. 'ಇಂಥ ವರ್ಷದ ಬ್ಯಾಚ್' ಎಂದು ವಾಟ್ಸ್ಆ್ಯಪ್ ಗುಂಪು ಕಟ್ಟಿದ ಕೂಡಲೇ ಹತ್ತನೆಯ ತರಗತಿಯನ್ನು ಮುಟ್ಟದವರು ತಾವಾಗಿಯೇ ಹೊರಗುಳಿಯುತ್ತಾರೆ: ಮಳೆ ಕೈಕೊಟ್ಟಾಗ ಕೂಲಿ ಅರಸಿ ಮನೆಮಂದಿಯೆಲ್ಲ ಊರು ಬಿಡುವ ಗುಳೆಯಲ್ಲಿ ಓದು ನಿಂತವರು, ಒಂಬತ್ತನೆಯದರಲ್ಲೇ ಮದುವೆಯಾಗಿ ಹೋದ ಹುಡುಗಿಯರು. ಬರಗಾಲದ ಸೀಮೆಯಲ್ಲಿ ಸ್ನೇಹವನ್ನು ಉತ್ತೀರ್ಣರ ಪಟ್ಟಿಯಿಂದ ಅಳೆಯುವುದೆಂದರೆ ಅರ್ಧ ತರಗತಿಯನ್ನೇ ಮರೆತಂತೆ. ಎಂಟನೆಯದಕ್ಕೆ ಸೇರಿದವರೆಲ್ಲರ ಹೆಸರು ಶಾಲೆಯ ದಾಖಲಾತಿ ವಹಿಯಲ್ಲಿರುತ್ತದೆ. ಆಮಂತ್ರಣ ಅಲ್ಲಿಂದ ಹೊರಡಬೇಕು, ನೆನಪಿನ ಕಾಣಿಕೆಗೆ ಇಟ್ಟ ಹಣದಲ್ಲಿ ಒಂದಿಷ್ಟು ಅವರನ್ನು ಹುಡುಕಿ ಕರೆತರುವ ಬಸ್‌ಚಾರ್ಜಿಗೆ ಹೋಗಬೇಕು.