ಸಾಕವ್ವನಿಂದ ಪುಟ್ಟಕ್ಕನವರೆಗೆ

2021ರ ಡಿಸೆಂಬರಿನಲ್ಲಿ ಜೀ ಕನ್ನಡದಲ್ಲಿ ಶುರುವಾದ ‘ಪುಟ್ಟಕ್ಕನ ಮಕ್ಕಳು’ ಧಾರಾವಾಹಿ ತೆಲುಗಿನಿಂದ ಬಂದ ಕಥೆ. ಮೂರೂ ಹೆಣ್ಣಾದವೆಂದು ಗಂಡ ಕೈಬಿಟ್ಟವಳು ಮೆಸ್ ನಡೆಸಿ ಮಕ್ಕಳನ್ನು ಓದಿಸುತ್ತಾಳೆ. ಕಥೆ ಹಳೆಯದೇ. ಆದರೂ ಪುಟ್ಟಕ್ಕ ಗದಗಿನ ಕಡೆಯ ಕೋಟುಮಚಗಿಯ ಮನೆಯವಳಂತೆ ಕಾಣುವುದು ಆ ಪಾತ್ರದ ನಟಿ ಉಮಾಶ್ರೀಯವರಿಂದ. ಗದಗಿನ ಖಾನಾವಳಿಗಳಲ್ಲಿ ರೊಟ್ಟಿ ಬಡಿಯುವ ಹೆಂಗಸರ ಮಾತು ಎತ್ತ ಹೊರಳಿದರೂ ಕೈ ನಿಲ್ಲುವುದಿಲ್ಲ. ಉಮಾಶ್ರೀ ದುಃಖವನ್ನು ತೋಡಿಕೊಳ್ಳುವುದೂ ಹಾಗೆಯೇ, ದುಡಿಯುತ್ತ, ಯಾರ ಕನಿಕರವನ್ನೂ ಬೇಡದೆ. ಅವರ ಸಾಮಾಜಿಕ ಕಾಳಜಿ ಭಾಷಣಕ್ಕಿಂತ ಈ ಅಭಿನಯದಲ್ಲೇ ಗಟ್ಟಿಯಾಗಿದೆ ಎಂಬುದು ನನ್ನ ವಾದ.

ಇದರ ಬೇರು ರಂಗಭೂಮಿಯಲ್ಲಿದೆ. ದೇವನೂರ ಮಹಾದೇವರ ‘ಒಡಲಾಳ’ವನ್ನು ನಿರ್ದೇಶಕ ಸಿಜಿಕೆ ರಂಗಕ್ಕೆ ತಂದಾಗ, ಕಳೆದುಹೋದ ಹುಂಜಕ್ಕಾಗಿ ಊರನ್ನೇ ಶಪಿಸುವ ಸಾಕವ್ವನಾದವರು ಉಮಾಶ್ರೀ. ಅವಳ ಬಡತನವನ್ನು ತೋರಿಸಿ ನೋಡುಗರನ್ನು ಅಳಿಸುವುದು ಸುಲಭವಿತ್ತು. ಅವರು ಅವಳ ಸಿಟ್ಟನ್ನು, ಹಟವನ್ನು ಮುಂದಿಟ್ಟರು. ರಾಷ್ಟ್ರಪ್ರಶಸ್ತಿ ತಂದ ‘ಗುಲಾಬಿ ಟಾಕೀಸ್’ನ (2008) ಸೂಲಗಿತ್ತಿಯೂ ಗಂಡ ಬಿಟ್ಟವಳೇ. ಅವಳ ಮನೆಗೆ ಬಂದ ಟಿವಿಯ ಮುಂದೆ ಓಣಿಯ ಹೆಂಗಸರು ಒಂದಾಗುತ್ತಾರೆ. ಕಾಶೀನಾಥರ ‘ಅನುಭವ’ದಿಂದ ಮೊದಲ್ಗೊಂಡು ಅವರು ಮಾಡಿದ ಹಾಸ್ಯಪಾತ್ರಗಳು ಹೆಣ್ಣಿನ ಘನತೆಗೆ ಒಪ್ಪುವಂಥವೇ ಎಂಬ ಆಕ್ಷೇಪವಿದೆ. ಅವುಗಳ ಸಂಭಾಷಣೆಯನ್ನು ಸಮರ್ಥಿಸಲಾಗದು. ಆದರೆ ಆ ವರ್ಷಗಳಲ್ಲೇ ಅವರು ಸಾಮಾನ್ಯ ನೋಡುಗರ ಮನೆಮಾತಾದರು. ಪುಟ್ಟಕ್ಕನನ್ನು ಜನ ನಂಬಿದ್ದರಲ್ಲಿ ಆ ಸಲಿಗೆಯ ಪಾಲೂ ಇದೆ.

ಅವರ ಸಾರ್ವಜನಿಕ ಬದುಕನ್ನೂ ಇದೇ ಅಳತೆಗೋಲಿನಿಂದ ನೋಡಬೇಕು. ನೇಕಾರರ ತೇರದಾಳದಿಂದ ಗೆದ್ದು 2013ರಿಂದ 2018ರವರೆಗೆ ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಸಚಿವೆಯಾಗಿದ್ದರು. 2017ರಲ್ಲಿ ಲಿಂಗತ್ವ ಅಲ್ಪಸಂಖ್ಯಾತರಿಗಾಗಿ ರಾಜ್ಯ ನೀತಿ ಬಂತು. ಬಸುರಿ ಬಾಣಂತಿಯರಿಗೆ ಅಂಗನವಾಡಿಯಲ್ಲೇ ಬಿಸಿಯೂಟ ಕೊಡುವ ಮಾತೃಪೂರ್ಣವೂ ಬಂತು. ಎರಡೂ ದೊಡ್ಡ ಕೆಲಸಗಳು. ಆದರೆ ಅದೇ ವರ್ಷದ ಮಾರ್ಚಿನಲ್ಲಿ ಅಂಗನವಾಡಿ ಕಾರ್ಯಕರ್ತೆಯರು, ಸಹಾಯಕಿಯರು ಗೌರವಧನ ಹೆಚ್ಚಿಸಿರೆಂದು ಬೆಂಗಳೂರಿನ ರಸ್ತೆಯಲ್ಲೇ ರಾತ್ರಿ ಕಳೆದಿದ್ದರು. ಮಾತೃಪೂರ್ಣದ ಒಲೆ ಹಚ್ಚಬೇಕಾದವರು ಅವರೇ. ಹಣಕಾಸು ಇಲಾಖೆ ಒಪ್ಪದೆ ಸಚಿವರೊಬ್ಬರೇ ಏನು ಮಾಡಿಯಾರು ಎನ್ನಬಹುದು, ಅದು ನಿಜವೂ ಹೌದು. ಆದರೂ ಅಡುಗೆಯವಳ ಶ್ರಮವನ್ನು ಇಷ್ಟು ಬಲ್ಲ ಕಲಾವಿದೆಯಿಂದ ಆಗ ಇನ್ನೂ ಗಟ್ಟಿ ದನಿ ಬರಬೇಕಿತ್ತು.

ಧಾರಾವಾಹಿಯೂ ಎಡವುವುದು ಇಲ್ಲೇ. ಸಂಚು, ಸವತಿಯ ಕಿರುಕುಳಗಳು ಕಂತುಗಳನ್ನು ತುಂಬಿದಾಗ ಮೆಸ್ಸಿನ ಲೆಕ್ಕ, ದಣಿವು, ಸಾಲ ಹಿಂದೆ ಸರಿಯುತ್ತವೆ. ದಿನವೂ ಕಂತು ಕೊಡಬೇಕಾದವರಿಗೆ ತಿರುವುಗಳು ಬೇಕು ಎನ್ನುವವರು ಉಮಾಶ್ರೀ ತರಕಾರಿ ಹೆಚ್ಚುತ್ತ ಮಗಳೊಡನೆ ಮಾತಿಗೆ ಕೂತ ದೃಶ್ಯಗಳನ್ನು ಮತ್ತೊಮ್ಮೆ ನೋಡಲಿ. ನೋಡುಗರನ್ನು ಹಿಡಿದಿಡಲು ಅಲ್ಲಿ ಖಳರ ಅಗತ್ಯವೇ ಬೀಳುವುದಿಲ್ಲ. ತೆರೆಯ ಆಚೆಗೂ ಈ ಶ್ರಮಕ್ಕೆ ದನಿಯಾಗಲು ಅವರಿಗೆ ಅವಕಾಶವಿದೆ: 2023ರಲ್ಲಿ ಉಮಾಶ್ರೀ ಮತ್ತೆ ವಿಧಾನ ಪರಿಷತ್ತಿಗೆ ನಾಮನಿರ್ದೇಶನಗೊಂಡರು. ಅಂಗನವಾಡಿಯವರ ಗೌರವಧನದ ಪ್ರಶ್ನೆಯನ್ನು ಎತ್ತಿ ಹಿಡಿಯಲು ಆ ಸದನದಲ್ಲಿ ಅವರಿಗಿಂತ ತಕ್ಕವರು ಯಾರಿದ್ದಾರೆ?