ಪುಟಿತದ ಲೆಕ್ಕದಲ್ಲಿ ನೆಲದ ಪಾಲು

ಗೇಮ್ ಎಂಜಿನ್ನಿನಲ್ಲಿ ಒಂದು ವಸ್ತು ಎಷ್ಟು ಪುಟಿಯಬೇಕೆಂದು ಹೇಳಲು 0ಯಿಂದ 1ರೊಳಗಿನ ಒಂದು ಸಂಖ್ಯೆ ಕೊಟ್ಟರೆ ಸಾಕು. ಚೆಂಡಿಗೊಂದು, ನೆಲಕ್ಕೊಂದು. ಆದರೆ ಪುಟಿತ ಹುಟ್ಟುವುದು ಎರಡೂ ಡಿಕ್ಕಿ ಹೊಡೆದಾಗ. ಟೆನಿಸ್ ನಿಯಮದ ಪ್ರಕಾರ 254 ಸೆಂ.ಮೀ. ಎತ್ತರದಿಂದ ಬಿಟ್ಟ ಸಾಮಾನ್ಯ ಚೆಂಡು 135ರಿಂದ 147 ಸೆಂ.ಮೀ. ಮೇಲೇಳಬೇಕು, ಅದೂ ನುಣುಪಾದ ಗಟ್ಟಿ ನೆಲದ ಮೇಲೆ. ವೇಗದ ಲೆಕ್ಕಕ್ಕೆ ತಂದರೆ, ಅಂದರೆ ಪುಟಿದೇಳುವ ವೇಗವನ್ನು ಬಿದ್ದ ವೇಗದಿಂದ ಭಾಗಿಸಿದರೆ, ಇದು ಸುಮಾರು 0.75. ಹಾಸಿಗೆಯ ಮೇಲೆ ಬಿಟ್ಟರೆ ಈ ಸಂಖ್ಯೆಗೆ ಅರ್ಥವೇ ಇಲ್ಲ. ಹಾಗಾಗಿ ನಾವು ತುಂಬುವ ಅಂಕಿಗಿಂತ ಎರಡು ಅಂಕಿಗಳನ್ನು ಎಂಜಿನ್ ಹೇಗೆ ಬೆರೆಸುತ್ತದೆ ಎಂಬುದನ್ನೇ ಮೊದಲು ಪರೀಕ್ಷಿಸಬೇಕು.

ಬುಲೆಟ್ ಎಂಜಿನ್ ಎರಡನ್ನೂ ಗುಣಿಸುತ್ತದೆ. ಅಲ್ಲಿ ಏನೂ ಹೇಳದೆ ಬಿಟ್ಟ ನೆಲದ ಮೌಲ್ಯ 0, ಚೆಂಡಿಗೆ 0.9 ಕೊಟ್ಟರೂ ಅದು ಬಿದ್ದಲ್ಲೇ ಬಿದ್ದಿರುತ್ತದೆ. ಯೂನಿಟಿ ಸರಾಸರಿ ತೆಗೆಯುತ್ತದೆ, ಬೇಕಾದರೆ ಬೇರೆ ವಿಧಾನ ಆರಿಸಿಕೊಳ್ಳಬಹುದು. ಗೊಡೋ ಕೂಡಿಸುತ್ತದೆ, 0.5ರ ಎರಡು ವಸ್ತುಗಳು ಸೇರಿ 1 ಆದರೆ ಪುಟಿತ ನಿಲ್ಲುವ ಮಾತೇ ಇಲ್ಲ. ಎರಿನ್ ಕ್ಯಾಟೊ ಅವರ ಬಾಕ್ಸ್2ಡಿ ಮಾತ್ರ ಎರಡರಲ್ಲಿ ದೊಡ್ಡದನ್ನು ಹಿಡಿಯುತ್ತದೆ. ನನ್ನ ಮಟ್ಟಿಗೆ ಇದೇ ಜಾಣ ಆಯ್ಕೆ. ರಬ್ಬರ್ ಚೆಂಡು ಎಲ್ಲಿ ಬಿದ್ದರೂ ಪುಟಿಯುತ್ತದೆ, ಆಟ ಕಟ್ಟುವವರು ಪ್ರತಿ ಗೋಡೆಯನ್ನೂ ತಿದ್ದುತ್ತಾ ಕೂರಬೇಕಿಲ್ಲ.

ಮೆತ್ತನೆಯ ನೆಲದ ಗತಿಯೇನು ಎಂದು ಕೇಳಬಹುದು. ಆಕ್ಷೇಪ ನ್ಯಾಯವಾದದ್ದೇ. ದೊಡ್ಡದನ್ನೇ ಹಿಡಿಯುವ ನಿಯಮದಲ್ಲಿ ಕೆಸರಿಗೂ ಕಲ್ಲಿಗೂ ವ್ಯತ್ಯಾಸವಿಲ್ಲ. ಸಂಪರ್ಕದ ಹೊತ್ತಿಗೆ ಕೋಡಿನಲ್ಲಿ ಮೌಲ್ಯ ಬದಲಿಸಬಹುದು, ನಿಜ. ಆದರೆ ಒಂದು ಕೆಸರುಗುಂಡಿಗಾಗಿ ಕೋಡ್ ಬರೆಸುವುದು ಹೆಚ್ಚಾಯಿತು. ಇಲ್ಲಿ ಗೊಡೋ ಮುಂದಿದೆ: ವಸ್ತುವನ್ನು ‘ಹೀರುವ’ ಬಗೆಯದೆಂದು ಗುರುತಿಸಿದರೆ ಅದರ ಅಂಕಿ ಕೂಡುವ ಬದಲು ಕಳೆಯುತ್ತದೆ. ಆ ಒಂದು ಗುರುತು ಬಾಕ್ಸ್2ಡಿಯ ನಿಯಮಕ್ಕೆ ಸೇರಿದ್ದರೆ ದೂರಲು ಹೆಚ್ಚೇನೂ ಉಳಿಯುತ್ತಿರಲಿಲ್ಲ.

ಆಟಕ್ಕೆ ವಾಸ್ತವ ಯಾಕೆ, ಕಣ್ಣಿಗೆ ಸರಿ ಕಂಡರೆ ಸಾಲದೇ ಎಂಬ ವಾದವೂ ಇದೆ. ಕಣ್ಣಿಗೆ ಕಾಣುವ ಎಡವಟ್ಟೇ ಇಲ್ಲಿ ಪ್ರಶ್ನೆ. ಬಾಕ್ಸ್2ಡಿಯಲ್ಲಿ ಸೆಕೆಂಡಿಗೆ 1 ಮೀಟರಿಗಿಂತ ನಿಧಾನದ ಡಿಕ್ಕಿಗೆ ಪುಟಿತವೇ ಇಲ್ಲ. ಪೇರಿಸಿಟ್ಟ ಪೆಟ್ಟಿಗೆಗಳು ಅದುರದಿರಲಿ ಎಂದು ಹಾಗೆ ಮಾಡಿದ್ದಾರೆ. ಕಾರಣ ಒಪ್ಪತಕ್ಕದ್ದು. ಆದರೆ ಮೌಲ್ಯ 1 ಇಟ್ಟ ಚೆಂಡನ್ನು 5 ಸೆಂ.ಮೀ. ಎತ್ತರದಿಂದ ಬಿಟ್ಟರೆ ನೆಲ ಮುಟ್ಟುವ ವೇಗ ಸೆಕೆಂಡಿಗೆ 0.99 ಮೀಟರ್. ಚೆಂಡು ಅಲ್ಲೇ ಕೂರುತ್ತದೆ, ಆಟ ಕಟ್ಟುವವರು ತಾವು ಬರೆದ 1ನ್ನೇ ಅನುಮಾನಿಸುತ್ತಾರೆ.